ಬೇಲಿಯೊಳಗಿನ ಡಾಲರು

ಮುಂಬಯಿಯ ಚೋರ್ ಬಜಾರಿಗೆ ನಾನು ಮೊದಲ ಸಲ ಹೋದದ್ದು ನೋಟು ಹುಡುಕಿಕೊಂಡಲ್ಲ. ಮನೆಯಲ್ಲಿದ್ದ ಹಳೆಯ ಗೋಡೆ ಗಡಿಯಾರಕ್ಕೆ ಒಂದು ಲೋಲಕ ಬೇಕಿತ್ತು. ಇಪ್ಪತ್ತು ವರ್ಷದ ಮೇಲಾಯಿತು. ಆಗ ಬ್ಯಾಂಕಿನವರಿಗೆ ಶನಿವಾರ ಅರ್ಧ ದಿನದ ಕೆಲಸ. ಕ್ಯಾಶ್ ಮುಚ್ಚಿ, ಕೀಲಿ ಕೊಟ್ಟು, ಊಟ ಮುಗಿಸಿ ಮಟನ್ ಸ್ಟ್ರೀಟಿಗೆ ಹೋದೆ. ಲೋಲಕ ಸಿಗಲಿಲ್ಲ. ಬಂದ ಗಿರಾಕಿಯನ್ನು ಸುಮ್ಮನೆ ಕಳಿಸಿದರೆ ಅಲ್ಲಿಯವರಿಗೆ ನಿದ್ದೆ ಬರುವುದಿಲ್ಲವಲ್ಲ, ಅಂಗಡಿಯ ಚಾಚಾ ಒಂದು ಪ್ಲಾಸ್ಟಿಕ್ ಚೀಲದೊಳಗಿಂದ ನೋಟು ತೆಗೆದು, "ಪೌಂಡ್ ಹೈ ಸಾಬ್, ಅಸಲಿ ಬ್ರಿಟಿಷ್ ಪೌಂಡ್" ಎಂದರು.

ನೋಡಿದೆ. ಒಂದು ಪೌಂಡ್ ಅಂತ ಇದೆ, ಸರಿ. ಆದರೆ ರಾಜನ ಮುಖವೂ ಇಲ್ಲ, ರಾಣಿಯ ಮುಖವೂ ಇಲ್ಲ, ಬ್ಯಾಂಕ್ ಆಫ್ ಇಂಗ್ಲೆಂಡಿನ ಹೆಸರೂ ಇಲ್ಲ. ಮೇಲೆ 'ಬ್ರಿಟಿಷ್ ಆರ್ಮ್ಡ್ ಫೋರ್ಸಸ್', ಅದರ ಜೊತೆಗೆ 'ಸ್ಪೆಷಲ್ ವೋಚರ್'. ಆರ್ಮಿ ಕೌನ್ಸಿಲಿನ ಆಜ್ಞೆಯ ಮೇರೆಗೆ ಹೊರಡಿಸಿದ್ದು ಎಂದು ಇನ್ನೊಂದು ಸಾಲು.

ವೋಚರ್! ನಮಗೆ ಬ್ಯಾಂಕಿನವರಿಗೆ ವೋಚರ್ ಅಂದರೆ ದಿನಾ ಸಾವಿರ ಸಲ ಕೈಗೆ ಬರುವ ಚೀಟಿ. ಡೆಬಿಟ್ ವೋಚರ್, ಕ್ರೆಡಿಟ್ ವೋಚರ್. ಅದು ದುಡ್ಡಲ್ಲ, ದುಡ್ಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು ಎನ್ನುವುದಕ್ಕೆ ಸಾಕ್ಷಿ. ಸಂಜೆ ಅವನ್ನು ಜೋಡಿಸಿ ದಾರ ಕಟ್ಟಿ ಇಡುವುದರಲ್ಲೇ ನನ್ನ ಗುಮಾಸ್ತೆಗಿರಿಯ ವರ್ಷಗಳು ಕಳೆದವು. ಅಂಥ ವೋಚರನ್ನು ಸಿಪಾಯಿಗೆ ಸಂಬಳವಾಗಿ ಯಾಕೆ ಕೊಟ್ಟರು? ಅರವತ್ತು ರೂಪಾಯಿ ಕೊಟ್ಟು ಅದನ್ನು ತಂದೆ. ಗಡಿಯಾರ ಇವತ್ತಿಗೂ ಲೋಲಕವಿಲ್ಲದೆ ನಿಂತಿದೆ, ಅದು ಬೇರೆ ಮಾತು.

ಈ ಯಾಕೆ ಎನ್ನುವುದಕ್ಕೆ ಉತ್ತರ ಹುಡುಕುತ್ತಾ ಹೋದರೆ ಬರ್ಲಿನ್ನಿಗೆ ಹೋಗಿ ನಿಲ್ಲುತ್ತೇವೆ. ಸಾಲ-ಜಮೆ ಬರೆದು ಬದುಕಿದ ಯಾರಿಗಾದರೂ ಎದೆ ಧಸಕ್ಕೆನ್ನುವ ಕಥೆ ಅದು.

ಎರಡನೇ ಮಹಾಯುದ್ಧದಲ್ಲಿ ಮಿತ್ರಪಕ್ಷದ ಸೇನೆಗಳು ಗೆದ್ದ ನೆಲದಲ್ಲಿ ಖರ್ಚು ಮಾಡಲು ತಮ್ಮದೇ ಹಣ ಅಚ್ಚು ಹಾಕಿಸಿಕೊಂಡು ಹೋಗುತ್ತಿದ್ದವು. ಜರ್ಮನಿಗೆಂದು ತಯಾರಾದದ್ದು ಅಲೈಡ್ ಮಿಲಿಟರಿ ಮಾರ್ಕ್. ಇದನ್ನು ಬಾಸ್ಟನ್ನಿನ ಫೋರ್ಬ್ಸ್ ಲಿಥೋಗ್ರಾಫ್ ಕಂಪನಿ ಅಚ್ಚು ಹಾಕುತ್ತಿತ್ತು. ಸೋವಿಯೆತ್ ಒಕ್ಕೂಟ ಕೇಳಿತು: ನೋಟು ಕೊಟ್ಟರೆ ಸಾಲದು, ಅಚ್ಚಿನ ಪ್ಲೇಟುಗಳನ್ನೇ ಕೊಡಿ, ನಾವೇ ಅಚ್ಚು ಹಾಕಿಕೊಳ್ಳುತ್ತೇವೆ. ಅಮೆರಿಕದ ಖಜಾನೆಯಲ್ಲಿ ಬೇಡವೆಂದವರೂ ಇದ್ದರು. ಕೊನೆಗೆ 1944ರಲ್ಲಿ ಖಜಾನೆ ಕಾರ್ಯದರ್ಶಿ ಮಾರ್ಗೆಂಥೋ ಅವರ ಕಾಲದಲ್ಲೇ ಪ್ಲೇಟುಗಳ ಪ್ರತಿ ಮಾಸ್ಕೋಗೆ ಹೋದವು.

ಪ್ಲೇಟು ಕೊಟ್ಟದ್ದಷ್ಟೇ ಆಗಿದ್ದರೆ ತೊಂದರೆ ಜರ್ಮನರದ್ದಾಗುತ್ತಿತ್ತು. ಆದರೆ ಅಮೆರಿಕದ ಸೇನೆಯ ಫೈನಾನ್ಸ್ ಆಫೀಸು ತನ್ನ ಸಿಪಾಯಿ ತಂದ ಮಾರ್ಕನ್ನು ಹತ್ತಕ್ಕೆ ಒಂದು ಡಾಲರಿನಂತೆ ತೆಗೆದುಕೊಂಡು ಊರಿಗೆ ಕಳಿಸಿಕೊಡುತ್ತಿತ್ತು. ಆ ಮಾರ್ಕು ಬಾಸ್ಟನ್ನಿನದೋ ಸೋವಿಯೆತ್ತಿನದೋ ಎಂದು ಕೌಂಟರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಅಂದರೆ ಏನಾಯಿತು? ಬೇರೆ ಯಾವುದೋ ಬ್ಯಾಂಕು ತನಗೆ ಬೇಕಾದಷ್ಟು ಬರೆದುಕೊಂಡ ಡಿಮಾಂಡ್ ಡ್ರಾಫ್ಟುಗಳನ್ನು ನಮ್ಮ ಬ್ರಾಂಚು ಕಣ್ಣು ಮುಚ್ಚಿ ಪಾವತಿ ಮಾಡಿದ ಹಾಗೆ.

ಸೋವಿಯೆತ್ ಸಿಪಾಯಿಗಳಿಗೆ ಎಷ್ಟೋ ಕಾಲದ ಬಾಕಿ ಸಂಬಳ ಒಟ್ಟಿಗೇ ಮಾರ್ಕಿನಲ್ಲಿ ಬಂತು. ಅದನ್ನು ಊರಿಗೆ ಒಯ್ದು ರೂಬಲ್ ಮಾಡಿಕೊಳ್ಳುವ ಹಾಗಿರಲಿಲ್ಲ. ಬರ್ಲಿನ್ನಿನಲ್ಲೇ ಖರ್ಚು ಮಾಡಬೇಕು, ಅಲ್ಲಿನ ಅಂಗಡಿಗಳಲ್ಲೋ ಏನೂ ಇಲ್ಲ. ಆದರೆ ಪಕ್ಕದಲ್ಲಿ ಅಮೆರಿಕನ್ ಹುಡುಗರಿದ್ದರು, ಅವರ ಕೈಯಲ್ಲಿ ವಾಚಿತ್ತು, ಸಿಗರೇಟಿತ್ತು, ಚಾಕಲೇಟಿತ್ತು. ಸೇನೆಯ ಅಂಗಡಿಯಲ್ಲಿ ಒಂದು ಡಾಲರಿಗೂ ಕಡಿಮೆಗೆ ಸಿಗುವ ಸಿಗರೇಟಿನ ಕಾರ್ಟನ್ನು ಬರ್ಲಿನ್ನಿನ ಕಾಳಸಂತೆಯಲ್ಲಿ ಸಾವಿರ ಮಾರ್ಕು ದಾಟಿತು. ಸಾವಿರ ಮಾರ್ಕು ಅಂದರೆ ಫೈನಾನ್ಸ್ ಆಫೀಸಿನ ಲೆಕ್ಕದಲ್ಲಿ ನೂರು ಡಾಲರು! ಮಿಕ್ಕಿ ಮೌಸ್ ಚಿತ್ರದ ಅಗ್ಗದ ಕೈಗಡಿಯಾರವನ್ನೂ ಬಿಡದೆ ಮಾರಿದರು. ಪರಿಣಾಮ, ಸಿಪಾಯಿಗಳಿಗೆ ಸಂಬಳವಾಗಿ ಹೋದ ದುಡ್ಡಿಗಿಂತ ಅವರು ಊರಿಗೆ ಕಳಿಸಿದ ದುಡ್ಡೇ ಹೆಚ್ಚಾಯಿತು. ನಮ್ಮಲ್ಲಿ ಯಾವ ಬ್ರಾಂಚಿನಲ್ಲಾದರೂ ಇಂಥದ್ದು ಕಂಡರೆ ಸಂಜೆಯೊಳಗೆ ಇನ್ಸ್‌ಪೆಕ್ಷನ್ನಿನವರು ಬಂದು ಕೂರುತ್ತಾರೆ. ಅಮೆರಿಕದ ಸೇನೆಗೆ ಎಚ್ಚರವಾಗುವಷ್ಟರಲ್ಲಿ ಕೋಟಿಗಟ್ಟಲೆ ಡಾಲರಿನ ವ್ಯತ್ಯಾಸ ಬಿದ್ದಿತ್ತು. 1947ರಲ್ಲಿ ಸೆನೆಟ್ಟಿನಲ್ಲಿ ಇದರ ವಿಚಾರಣೆಯೂ ಆಯಿತು.

ಈ ಮಾರ್ಕುಗಳು ಈಗಲೂ ಅಗ್ಗವಾಗಿ ಸಿಗುತ್ತವೆ. ಕೈಗೆ ಬಂದರೆ ಭೂತಗನ್ನಡಿ ಹಿಡಿದು ನೋಡಿ. ಬಾಸ್ಟನ್ನಿನಲ್ಲಿ ಅಚ್ಚಾದದ್ದರಲ್ಲಿ ಚಿತ್ತಾರದ ನಡುವೆ ಅಡಗಿಸಿಟ್ಟ ಸಣ್ಣ 'ಎಫ್' ಅಕ್ಷರವಿದೆ, ಫೋರ್ಬ್ಸ್ ಕಂಪನಿಯ ಗುರುತು. ಸೋವಿಯೆತ್ತಿನಲ್ಲಿ ಅಚ್ಚಾದದ್ದರಲ್ಲಿ ಅದಿಲ್ಲ, ಕ್ರಮಸಂಖ್ಯೆಯ ಮುಂದೆ ಒಂದು ಅಡ್ಡಗೆರೆ ಇರುತ್ತದೆ. ನನ್ನ ಬಳಿ ಎರಡೂ ಇವೆ, ಒಂದೇ ಪುಟದಲ್ಲಿ ಅಕ್ಕಪಕ್ಕ ಇಟ್ಟಿದ್ದೇನೆ. ಒಂದು ಗೆರೆಯ ವ್ಯತ್ಯಾಸವನ್ನು ಕೌಂಟರಿನಲ್ಲಿ ಕೂತವನು ನೋಡಿದ್ದರೆ ಸಾಕಿತ್ತು ಅನ್ನಿಸುತ್ತದೆ. ಅವನಿಗೆ ನೋಡು ಎಂದು ಮೇಲಿನವರು ಹೇಳಬೇಕಿತ್ತು, ಅದೂ ನಿಜ.

1945ರ ಕೊನೆಗೆ ಸೇನೆ ಪ್ರತಿ ಸಿಪಾಯಿಗೂ ಪಾಸ್‌ಬುಕ್ಕಿನಂಥ ಪುಸ್ತಕ ಕೊಟ್ಟು, ಬಂದದ್ದೆಷ್ಟು ಹೋದದ್ದೆಷ್ಟು ಬರೆಸತೊಡಗಿತು. ಪುಸ್ತಕ ಬರೆಸಿ ಕಳ್ಳತನ ನಿಲ್ಲಿಸಲಾಗುವುದಿಲ್ಲ ಎಂದು ನಾನು ಹೇಳಬೇಕಾಗಿಲ್ಲ. ಆಗ ಹೊಳೆದದ್ದು ಈ ವೋಚರಿನ ಉಪಾಯ. ಸಿಪಾಯಿಗೆ ಸಂಬಳವನ್ನು ಸ್ಥಳೀಯ ಹಣದಲ್ಲೂ ಕೊಡಬೇಡಿ, ನಿಜವಾದ ಡಾಲರಿನಲ್ಲೂ ಕೊಡಬೇಡಿ. ಸೇನೆಯ ಬೇಲಿಯೊಳಗೆ ಮಾತ್ರ ನಡೆಯುವ ಮೂರನೇ ಒಂದು ಕಾಗದದಲ್ಲಿ ಕೊಡಿ. ಹೊರಗೆ ಹೋಗುವಾಗ ಬೇಕಾದಷ್ಟನ್ನು ಮಾತ್ರ ಸ್ಥಳೀಯ ಹಣ ಮಾಡಿಕೊಳ್ಳಲಿ. ಸ್ಥಳೀಯ ಹಣ ತಂದು ಡಾಲರು ಕೊಡಿ ಎಂದರೆ ಮಾತ್ರ ಇಲ್ಲ. ಬಾಗಿಲು ಒಂದೇ ದಿಕ್ಕಿಗೆ ತೆರೆಯುವುದು.

ಬ್ರಿಟಿಷರು 1946ರ ಆಗಸ್ಟಿನಲ್ಲಿ ತಮ್ಮ ಸ್ಪೆಷಲ್ ವೋಚರುಗಳನ್ನು ಜರ್ಮನಿಯಲ್ಲಿ ಶುರು ಮಾಡಿದರು. ಅಮೆರಿಕದವರು ಅದೇ ವರ್ಷ ಸೆಪ್ಟೆಂಬರ್ 16ರಂದು. ಅವರು ಇಟ್ಟ ಹೆಸರು ಮಿಲಿಟರಿ ಪೇಮೆಂಟ್ ಸರ್ಟಿಫಿಕೇಟ್. ಸಂಗ್ರಾಹಕರ ಬಾಯಲ್ಲಿ ಎಂಪಿಸಿ.

ಬ್ರಿಟಿಷರದ್ದನ್ನು ಬೇಗ ಮುಗಿಸಿಬಿಡುತ್ತೇನೆ. ಮೂರು ಪೆನ್ನಿಯಿಂದ ಒಂದು ಪೌಂಡಿನವರೆಗೆ ನೋಟುಗಳು, 1972ರಲ್ಲಿ ಹೊಸ ದಶಮಾಂಶ ಪೆನ್ನಿಯ ಲೆಕ್ಕದಲ್ಲಿ ಆರನೆಯ ಸರಣಿ. ನಾಲ್ಕನೆಯ ಮತ್ತು ಆರನೆಯ ಸರಣಿಯವು ಇವತ್ತಿಗೂ ಗರಿಗರಿಯಾಗಿ, ಯಾರ ಕೈಯೂ ಮುಟ್ಟದ ಹಾಗೆ ಸಿಗುತ್ತವೆ. ಹೊಸದಾಗಿ ಶುರುಮಾಡುವವರಿಗೆ ಒಳ್ಳೆಯದು. ಆದರೆ ನನಗೆ ಅಂಥ ನೋಟಿನ ಮೇಲೆ ಅಷ್ಟು ಪ್ರೀತಿ ಬರುವುದಿಲ್ಲ. ಯಾರ ಜೇಬಿಗೂ ಹೋಗದ ನೋಟು ಮದುವೆಯಾಗಿ ಅಚ್ಚಾದರೂ ಹಂಚದೆ ಉಳಿದ ಲಗ್ನಪತ್ರಿಕೆಯ ಹಾಗೆ.

ಎಂಪಿಸಿ ಹಾಗಲ್ಲ. 1946ರಿಂದ 1973ರವರೆಗೆ 13 ಸರಣಿಗಳು ಚಲಾವಣೆಗೆ ಬಂದವು. ಪ್ರತಿ ಸರಣಿಗೂ ಮೂರಂಕಿಯ ಹೆಸರು. ಮೊದಲ ಎರಡು ಅಂಕಿ ವರ್ಷ, ಕೊನೆಯದು ಆ ವರ್ಷದ ಎಷ್ಟನೆಯದು ಎಂಬ ಲೆಕ್ಕ. 461 ಅಂದರೆ 1946ರ ಮೊದಲನೆಯದು. ಕೊನೆಯದು 692. ಚಿಲ್ಲರೆಗೆ ನಾಣ್ಯವೇ ಇಲ್ಲ, 5 ಸೆಂಟೂ ಕಾಗದ. 5, 10, 25, 50 ಸೆಂಟು, ಆಮೇಲೆ 1, 5, 10 ಡಾಲರು. 1968ರಲ್ಲಿ ಬಂದ 661ರಿಂದ 20 ಡಾಲರು ಸೇರಿತು. ನೋಟಿನ ಮೇಲೆ ವಾಷಿಂಗ್ಟನ್, ಲಿಂಕನ್ ಯಾರೂ ಇಲ್ಲ. ಹಲವು ಸರಣಿಗಳಲ್ಲಿ ಯಾರೆಂದು ಹೆಸರಿಲ್ಲದ ಹೆಂಗಸರ ಮುಖಗಳು. 681ರಲ್ಲಿ ಜಲಾಂತರ್ಗಾಮಿ, ಬಾಹ್ಯಾಕಾಶಯಾನಿ. 692ರ 20 ಡಾಲರಿನ ಮೇಲೆ ಓರೇ ಎಂಬ ಮೂಲನಿವಾಸಿ ನಾಯಕ. ನೋಡಲು ಬಹಳ ಚೆಂದ, ನಮ್ಮ ಕಾಲದ ಲಾಟರಿ ಟಿಕೆಟುಗಳ ಹಾಗೆ ಬಣ್ಣಬಣ್ಣ.

ಆದರೆ ಬ್ಯಾಂಕಿನವನ ಕಣ್ಣಿಗೆ ಮೊದಲು ಬೀಳುವುದು ಇಲ್ಲದಿರುವುದು. ಯಾರ ಸಹಿಯೂ ಇಲ್ಲ. ನಮ್ಮ ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರು ಧಾರಕರಿಗೆ ಇಷ್ಟು ರೂಪಾಯಿ ಕೊಡುತ್ತೇನೆಂದು ಮಾತು ಕೊಟ್ಟು ಸಹಿ ಹಾಕಿರುತ್ತಾರೆ. ಧಾರಕ ಅಂದರೆ ಯಾರ ಕೈಯಲ್ಲಿದೆಯೋ ಅವರು, ಹೆಸರು ಕೇಳುವ ಹಾಗಿಲ್ಲ. ಎಂಪಿಸಿಯಲ್ಲಿ ಆ ಮಾತೇ ಇಲ್ಲ. ಅಮೆರಿಕದ ಸೇನಾನೆಲೆಗಳಲ್ಲಿ, ಅಧಿಕಾರ ಪಡೆದ ಅಮೆರಿಕದ ಸಿಬ್ಬಂದಿ ಮಾತ್ರ, ನಿಯಮಗಳಿಗೆ ಒಳಪಟ್ಟು ಬಳಸತಕ್ಕದ್ದು ಎಂಬ ಅರ್ಥದ ಸಾಲು ಇದೆ. ಅಂದರೆ ನೋಟು ಕೈಯಲ್ಲಿದ್ದರೆ ಸಾಲದು, ಆ ಕೈ ಯಾರದು ಎನ್ನುವುದೂ ಮುಖ್ಯ.

ಮಾಟುಂಗದಲ್ಲಿ ಒಂಟಿಯಾಗಿದ್ದ ದಿನಗಳಲ್ಲಿ ನಾವು ಖಾನಾವಳಿಯ ಊಟದ ಕೂಪನ್ ಪುಸ್ತಕ ತೆಗೆದುಕೊಳ್ಳುತ್ತಿದ್ದೆವು. ದುಡ್ಡು ಮೊದಲೇ ಕೊಟ್ಟಾಯಿತು, ಊಟ ಮಾಡಿದ ಹಾಗೆ ಒಂದೊಂದೇ ಚೀಟಿ ಹರಿದು ಕೊಡುವುದು. ಊರಿಗೆ ಹೋಗುವಾಗ ಉಳಿದ ಚೀಟಿಯನ್ನು ರೂಮಿನ ಗೆಳೆಯನಿಗೆ ಅರ್ಧ ಬೆಲೆಗೆ ಕೊಟ್ಟು ಹೋಗುತ್ತಿದ್ದೆ. ತಿಂಗಳು ಮುಗಿದ ಮೇಲೆ ಹಳೆಯ ಬಣ್ಣದ ಚೀಟಿ ನಡೆಯುತ್ತಿರಲಿಲ್ಲ, ಉಳಿದದ್ದು ಮಾಲೀಕರ ಲಾಭ. ಬಿ.ಕಾಂ.ನಲ್ಲಿ ಅಕೌಂಟೆನ್ಸಿ ಕಲಿಸಿದ ಮೇಷ್ಟ್ರು ಇದನ್ನು ತೀರಿಸಬೇಕಾದ ಹೊಣೆ ಎನ್ನುತ್ತಿದ್ದರು. ಎಂಪಿಸಿಯೂ ಅದೇ. ಚಲಾವಣೆಯಲ್ಲಿರುವ ಅಷ್ಟೂ ಕಾಗದ ಅಮೆರಿಕದ ಸೇನೆ ತೀರಿಸಬೇಕಾದ ಸಾಲ. ವಾಪಸು ಬಾರದೆ ಸತ್ತ ನೋಟು ತೀರಿಸಬೇಕಿಲ್ಲದ ಸಾಲ.

ಸಾಯುವುದು ಅಂದೆನಲ್ಲ, ಅದಕ್ಕೊಂದು ದಿನವಿತ್ತು. ಸಿ-ಡೇ, ಅಂದರೆ ಕನ್ವರ್ಷನ್ ಡೇ. ಈ ಇಡೀ ವ್ಯವಸ್ಥೆಯ ಜೀವ ಇದ್ದದ್ದು ಆ ಒಂದು ದಿನದಲ್ಲಿ.

ಬೇಲಿಯೊಳಗಿನ ಹಣ ಎಂದು ಎಷ್ಟೇ ಬರೆದರೂ ಅದು ಹೊರಗೆ ಹೋಗಿಯೇ ಹೋಗುತ್ತಿತ್ತು. ಸಿಪಾಯಿ ಕ್ಷೌರ ಮಾಡಿಸಿಕೊಂಡ, ಬಟ್ಟೆ ಒಗೆಸಿಕೊಂಡ, ಬಾರಿನಲ್ಲಿ ಕುಡಿದ, ಕೈಗೆ ಬಂದದ್ದನ್ನು ಕೊಟ್ಟ. ಪಡೆದವರೂ ಬೇಡವೆನ್ನಲಿಲ್ಲ. ಇನ್ನೊಬ್ಬ ಸಿಪಾಯಿಗೆ ಕೊಟ್ಟರೆ ಸೇನೆಯ ಅಂಗಡಿಯಿಂದ ಸೋಪು, ಸಿಗರೇಟು, ರೇಡಿಯೋ ತಂದುಕೊಡುತ್ತಾನಲ್ಲ. ಹೀಗೆ ಹೊರಗೆ ತುಂಬಾ ಸೇರಿದೆ ಎಂದು ಕಂಡಾಗ ಸೇನೆ ಗುಟ್ಟಾಗಿ ಹೊಸ ಸರಣಿ ತರಿಸಿಡುತ್ತಿತ್ತು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಗೇಟು ಬಂದ್. ಒಳಗಿದ್ದವರು ಹೊರಗೆ ಹೋಗುವ ಹಾಗಿಲ್ಲ, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಸಾಲು ನಿಂತು ಹಳೆಯದನ್ನು ಕೊಟ್ಟು ಹೊಸದು ತೆಗೆದುಕೊಳ್ಳಿ, ಒಂದಕ್ಕೆ ಒಂದು. ಯಾರ ಬಳಿಯಾದರೂ ಸಂಬಳಕ್ಕೆ ಮೀರಿದ ಹಣ ಕಂಡರೆ ಎಲ್ಲಿಂದ ಬಂತೆಂದು ಹೇಳಬೇಕು. ಅವತ್ತಿನ ಕೆಲಸ ಮುಗಿದು ಗೇಟು ತೆರೆಯುವಾಗ ಹೊರಗೆ ಉಳಿದ ಹಳೆಯ ಕಾಗದ ಬರೀ ಕಾಗದ.

ವಿಯೆಟ್ನಾಂನಲ್ಲಿ ಎಂಪಿಸಿ ಬಂದದ್ದು 1965ರ ಆಗಸ್ಟ್ 31ರಂದು, ಸರಣಿ 641. ಅಲ್ಲಿಯವರೆಗೆ ಸಿಪಾಯಿಗಳು ನಿಜವಾದ ಡಾಲರನ್ನೇ ಖರ್ಚು ಮಾಡುತ್ತಿದ್ದರು, ಅದು ಕಾಳಸಂತೆ ಹಿಡಿದು ಎಲ್ಲೆಲ್ಲಿಗೋ ಹೋಗುತ್ತಿತ್ತು, ಎದುರಾಳಿಯ ಕೈಗೂ. 1966ರ ಮಧ್ಯದಿಂದ ಅಧಿಕೃತ ದರ ಡಾಲರಿಗೆ 118 ಪಿಯಾಸ್ಟರ್, ಕಾಳಸಂತೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಅಲ್ಲೂ ಒಂದು ತಾರತಮ್ಯ ನೋಡಿ, ನಿಜವಾದ ಹಸಿರು ಡಾಲರಿಗೆ ಒಂದು ಬೆಲೆ, ಎಂಪಿಸಿಗೆ ಅದಕ್ಕಿಂತ ಕಡಿಮೆ ಬೆಲೆ. ಯಾಕೆ ಅಂದರೆ ಎಂಪಿಸಿ ಯಾವ ಬೆಳಿಗ್ಗೆ ಸಾಯುತ್ತದೋ ಯಾರಿಗೂ ಗೊತ್ತಿಲ್ಲ. ಸೈಗಾನಿನ ಗಲ್ಲಿಯ ಮುದುಕಿಗೂ ರಿಸ್ಕಿಗೆ ಡಿಸ್ಕೌಂಟ್ ಹಾಕುವುದು ಗೊತ್ತಿತ್ತು. ನಮಗೆ ಅದನ್ನು ಕಲಿಯಲು ಟ್ರೈನಿಂಗ್ ಕಾಲೇಜಿಗೆ ಕಳಿಸುತ್ತಾರೆ.

641 ಮೂರು ವರ್ಷ ದಾಟಿ ಬದುಕಿತು. 1968ರ ಅಕ್ಟೋಬರ್ 21ರಂದು ಅದನ್ನು ತೆಗೆದು 661 ತಂದರು. 661ರ ಆಯುಸ್ಸು ಹತ್ತು ತಿಂಗಳೂ ಇಲ್ಲ, 1969ರ ಆಗಸ್ಟ್ 11ಕ್ಕೆ ಮುಗಿಯಿತು. 681 ಬಂತು, 1970ರ ಅಕ್ಟೋಬರ್ 7ರಂದು ಅದೂ ಹೋಗಿ 692 ಬಂತು. ಹೀಗೆ ಬೇಗಬೇಗ ಬದಲಾಯಿಸಿದರು ಅಂದರೆ ಹೊರಗೆ ಎಷ್ಟು ಬೇಗ ಸೇರುತ್ತಿತ್ತೆಂದು ನಾವೇ ಊಹಿಸಬಹುದು. ಪ್ರತಿ ಸಿ-ಡೇ ಬೆಳಿಗ್ಗೆ ಬೇಲಿಯ ಹೊರಗೆ ಜನ. ಬಾರಿನ ಹುಡುಗಿಯರು, ಅಂಗಡಿಯವರು, ಬಟ್ಟೆ ಒಗೆಯುವವರು. ಮುಷ್ಟಿ ತುಂಬ ನೋಟು ಹಿಡಿದು, ಗುರುತಿನ ಸಿಪಾಯಿಯ ಹೆಸರು ಕೂಗುತ್ತಾ. ಕೆಲವು ಸಿಪಾಯಿಗಳು ಬದಲಾಯಿಸಿಕೊಟ್ಟರು. ಕೆಲವರು ಅರ್ಧಕ್ಕೆ, ಕಾಲು ಬೆಲೆಗೆ ತೆಗೆದುಕೊಂಡು ತಾವು ಪೂರ್ತಿ ಮಾಡಿಕೊಂಡರು. ಉಳಿದವರ ಗಂಟು ಗಂಟಾಗಿಯೇ ಉಳಿಯಿತು.

ನಿಯಮದ ಪ್ರಕಾರ ಸೇನೆ ಮಾಡಿದ್ದು ಸರಿ. ಸ್ಥಳೀಯರು ಅದನ್ನು ಇಟ್ಟುಕೊಳ್ಳುವುದೇ ತಪ್ಪಾಗಿತ್ತು, ನೋಟಿನ ಮೇಲೆ ಬರೆದೂ ಇತ್ತು. ಇಂಗ್ಲಿಷಿನಲ್ಲಿ. ಕಾಳಸಂತೆಯ ದೊಡ್ಡ ಕುಳಗಳನ್ನು ಹಿಡಿಯಲು ಇದಕ್ಕಿಂತ ಅಗ್ಗದ ಉಪಾಯ ಇರಲಿಲ್ಲ ಎಂದೂ ವಾದಿಸಬಹುದು. ನಾನೇ ಬಹಳ ದಿನ ಹಾಗೆ ವಾದಿಸುತ್ತಿದ್ದೆ. ಹವ್ಯಾಸದ ಗೆಳೆಯರೊಂದಿಗೆ ಮಾತು ಬಂದಾಗ, ಎಂಥಾ ಅಚ್ಚುಕಟ್ಟಾದ ವ್ಯವಸ್ಥೆ ನೋಡಿ ಎಂದು ಹೊಗಳಿದ್ದೂ ಉಂಟು.

ಬೇಲಿ ಹಾಕಿದ ಹಣ ಅಮೆರಿಕದವರ ಸ್ವತ್ತೇನೂ ಅಲ್ಲ. ನಮ್ಮ ದೇಶವೂ ಮಾಡಿದೆ. ಕುವೈತ್, ಬಹ್ರೇನ್, ಕತಾರ್ ಕಡೆಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿದ್ದ ಕಾಲದಲ್ಲಿ, ಅಲ್ಲಿಂದ ಚಿನ್ನ ಕಳ್ಳಸಾಗಣೆಯಾಗಿ ಇಲ್ಲಿಗೆ ಬರುತ್ತಿತ್ತು, ಇಲ್ಲಿಂದ ರೂಪಾಯಿ ಅಲ್ಲಿಗೆ ಹೋಗುತ್ತಿತ್ತು. ಆ ರೂಪಾಯಿಗೆ ನಾವು ಸ್ಟರ್ಲಿಂಗ್ ತೆರಬೇಕು. ಅದಕ್ಕೇ 1959ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು, ಬೇರೆ ಬಣ್ಣದ, ಕ್ರಮಸಂಖ್ಯೆಗೆ ಮೊದಲು 'ಝಡ್' ಅಕ್ಷರವಿದ್ದ ಗಲ್ಫ್ ನೋಟುಗಳನ್ನು ಹೊರಡಿಸಿದರು. ಭಾರತದೊಳಗೆ ಅವು ನಡೆಯುವಂತಿರಲಿಲ್ಲ. ಅದೇ ಸಮಯದಲ್ಲಿ ಹಜ್ ಯಾತ್ರಿಕರಿಗೆಂದು ಪ್ರತ್ಯೇಕ ನೋಟುಗಳೂ ಬಂದವು. ಇವೆಲ್ಲ ಈಗ ಹರಾಜಿನಲ್ಲಿ ನಮ್ಮಂಥವರ ಕೈಗೆ ಎಟುಕದ ಬೆಲೆಗೆ ಹೋಗುತ್ತವೆ.

ಸಿ-ಡೇ ಬಗ್ಗೆ ನನ್ನ ಹೊಗಳಿಕೆ ನಿಂತದ್ದು 2016ರಲ್ಲಿ. ನವೆಂಬರ್ 8ರ ರಾತ್ರಿ 500, 1000 ರೂಪಾಯಿ ನೋಟು ರದ್ದಾದ ಸುದ್ದಿ ಕೇಳಿದಾಗ, ಎಲ್ಲರೂ ಎಟಿಎಂ ಕಡೆ ಓಡುತ್ತಿದ್ದರೆ ನನಗೆ ಮೊದಲು ನೆನಪಾದದ್ದು ಈ ಆಲ್ಬಮ್ಮು. ಆಗ ಉಪನಗರದ ಒಂದು ಬ್ರಾಂಚಿನಲ್ಲಿ ಮ್ಯಾನೇಜರಾಗಿದ್ದೆ. ಆ ಐವತ್ತು ದಿನಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಹೊಸದಾಗಿ ಹೇಳುವುದೇನಿಲ್ಲ. ಬದಲಾವಣೆಯ ಮಿತಿ 4000, ಆಮೇಲೆ 4500, ಆಮೇಲೆ 2000, ನವೆಂಬರ್ 24ರ ನಂತರ ಅದೂ ಇಲ್ಲ, ಖಾತೆಗೆ ಕಟ್ಟುವುದು ಮಾತ್ರ. ನಡುವೆ ಬೆರಳಿಗೆ ಶಾಯಿ. ಡಿಸೆಂಬರ್ 30ಕ್ಕೆ ಮುಗಿಯಿತು. ಎಂಪಿಸಿಗೆ ಹೋಲಿಸಿದರೆ ನಮ್ಮ ಸರ್ಕಾರ ಕೊಟ್ಟ ಕಾಲ ಧಾರಾಳ, ಅದನ್ನು ಒಪ್ಪಲೇಬೇಕು. ಒಂದು ದಿನವೆಲ್ಲಿ, ಐವತ್ತು ದಿನವೆಲ್ಲಿ. ಬೇಲಿಯೂ ಇರಲಿಲ್ಲ, ಎಲ್ಲರೂ ಧಾರಕರೇ. 2018ರಲ್ಲಿ ರಿಸರ್ವ್ ಬ್ಯಾಂಕು ಲೆಕ್ಕ ಕೊಟ್ಟಾಗ 99.3 ಶೇಕಡಾ ನೋಟು ವಾಪಸು ಬಂದಿತ್ತು.

ಉಳಿದ 0.7 ಶೇಕಡಾದಲ್ಲಿ ಒಂದು ಚೂರನ್ನು ನಾನು ಕಣ್ಣಾರೆ ಕಂಡಿದ್ದೇನೆ. 2017ರ ಜನವರಿ ಎರಡನೇ ವಾರ. ಬ್ರಾಂಚಿನ ಹಿಂದಿನ ಗಲ್ಲಿಯಲ್ಲಿ ಮೀನು ಮಾರುವ ಮಾವ್ಶಿ ಬಂದರು. ನಮ್ಮಲ್ಲಿ ಖಾತೆ ಇತ್ತು, ನವೆಂಬರಿನಲ್ಲಿ ತನ್ನ ಬಳಿಯಿದ್ದದ್ದನ್ನು ಕಟ್ಟಿಯೂ ಇದ್ದರು. ಈಗ ಮಗಳ ಬಾಣಂತನಕ್ಕೆ ಹಳೆಯ ಸೀರೆ ತೆಗೆಯುವಾಗ ಮಡಿಕೆಯೊಳಗೆ ಆರು ನೋಟು ಸಿಕ್ಕಿತಂತೆ. ಐನೂರರವು ಆರು. ಎಂಟು ಮಡಿಕೆ ಮಾಡಿ ಇಟ್ಟದ್ದರಿಂದ ಗೆರೆಗಳ ಮೇಲೆ ಬಣ್ಣ ಹೋಗಿತ್ತು. ಕೌಂಟರಿನ ಹುಡುಗಿ ಆಗುವುದಿಲ್ಲವೆಂದು ನನ್ನ ಕ್ಯಾಬಿನ್ನಿಗೆ ಕಳಿಸಿದ್ದಳು. ಆಗ ರಿಸರ್ವ್ ಬ್ಯಾಂಕಿನ ಕೆಲವು ಕಚೇರಿಗಳಲ್ಲಿ ಬದಲಾವಣೆ ನಡೆಯುತ್ತಲೇ ಇತ್ತು. ಆ ಐವತ್ತು ದಿನ ವಿದೇಶದಲ್ಲಿದ್ದವರಿಗೆ ಮಾರ್ಚ್ 31ರವರೆಗೆ, ಅನಿವಾಸಿ ಭಾರತೀಯರಿಗೆ ಜೂನ್ 30ರವರೆಗೆ. ನಮ್ಮ ಮಾವ್ಶಿ ಆ ಐವತ್ತು ದಿನವೂ ಅದೇ ಗಲ್ಲಿಯಲ್ಲಿ ಮೀನು ಮಾರಿಕೊಂಡಿದ್ದರು.

"ಮಾವ್ಶಿ, ಆತಾ ನಾಹೀ ಹೋಣಾರ," ಎಂದೆ. ಇನ್ನು ಆಗುವುದಿಲ್ಲ.

"ಮಗ್ ಹ್ಯಾಚ ಕಾಯ ಕರೂ?" ಎಂದರು. ಹಾಗಾದರೆ ಇದನ್ನೇನು ಮಾಡಲಿ?

ನಾನು ಕೊಟ್ಟ ಉತ್ತರ ಹೇಳಲು ಈಗ ನಾಚಿಕೆಯಾಗುತ್ತದೆ. ಹತ್ತು ನೋಟಿನವರೆಗೆ ಇಟ್ಟುಕೊಳ್ಳಬಹುದು, ಕಾನೂನಿನ ಅಡ್ಡಿಯಿಲ್ಲ, ಹೆದರಬೇಡಿ ಎಂದೆ. ಅದು ನಿಜವೇ. ಆಗ ಬಂದಿದ್ದ ಸುಗ್ರೀವಾಜ್ಞೆಯಲ್ಲೂ, ಆಮೇಲೆ 2017ರಲ್ಲಿ ಆದ ಕಾಯ್ದೆಯಲ್ಲೂ ಹಾಗೇ ಇದೆ. ಯಾರೇ ಆಗಲಿ ಹತ್ತು ರದ್ದಾದ ನೋಟು ಇಟ್ಟುಕೊಳ್ಳಬಹುದು. ಅಧ್ಯಯನ, ಸಂಶೋಧನೆ ಅಥವಾ ಸಂಗ್ರಹಕ್ಕಾದರೆ ಇಪ್ಪತ್ತೈದು. ಮೀರಿದರೆ ದಂಡ. ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನೋಟುಗಳನ್ನು ಅದೇ ಎಂಟು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು. ಮೂರು ಸಾವಿರ ನನ್ನ ಜೇಬಿನಿಂದಲೇ ಕೊಟ್ಟು ಆ ನೋಟುಗಳನ್ನು ಇಟ್ಟುಕೊಳ್ಳಬಹುದಿತ್ತು, ಮಿತಿಯೊಳಗೇ ಇರುತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ. ಸಂಜೆ ಲೋಕಲ್ಲಿನಲ್ಲಿ ಕೂತಾಗ ಹೊಳೆಯಿತು. ಮರುದಿನ ಗಲ್ಲಿಗೆ ಹೋದೆನೇ ಅಂದರೆ, ಇಲ್ಲ.

ಅವತ್ತು ರಾತ್ರಿ ಆಲ್ಬಮ್ ತೆಗೆದು 641ರ ಪುಟ ನೋಡಿದೆ. ಎಂಪಿಸಿ ಕೂಡಿಸುವವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಸೆಂಟಿನ ನೋಟುಗಳು ಬೇಕಾದಷ್ಟು ಸಿಗುತ್ತವೆ, 5 ಮತ್ತು 10 ಡಾಲರಿನವು ಹೆಚ್ಚಿನ ಸರಣಿಗಳಲ್ಲಿ ದುಬಾರಿ. 541ರ 5 ಡಾಲರು ಒಳ್ಳೆಯ ಸ್ಥಿತಿಯಲ್ಲಿ ಬಂದರೆ ನಾನು ದೂರದಿಂದ ನೋಡಿ ಕೈಮುಗಿಯುತ್ತೇನೆ, ಅಷ್ಟೆ. ಕಾರಣ ಸರಳ. ಊರಿಗೆ ಹೋಗುವ ಸಿಪಾಯಿ ನೆನಪಿಗೆಂದು ಇಟ್ಟುಕೊಂಡದ್ದು 5 ಸೆಂಟು, 10 ಸೆಂಟು. ತಿಂಗಳಿಗೆ ನೂರು-ಇನ್ನೂರು ಡಾಲರಿನ ಆಸುಪಾಸು ಸಂಬಳದ ಹುಡುಗ ಹತ್ತು ಡಾಲರನ್ನು ನೆನಪಿಗೆಂದು ಯಾಕೆ ಬಿಡುತ್ತಾನೆ? ಬದಲಾಯಿಸಿಕೊಂಡೇ ಹೋಗುತ್ತಾನೆ. ಬದಲಾಯಿಸಿದ್ದೆಲ್ಲ ಸೇನೆಗೆ ಹೋಗಿ ನಾಶವಾಯಿತು. ಹಾಗಾದರೆ ಸವೆದು, ಕೊಳೆಯಾಗಿ, ನಾಶವಾಗದೆ ನಮ್ಮವರೆಗೆ ಬಂದ ದೊಡ್ಡ ನೋಟುಗಳಲ್ಲಿ ಎಷ್ಟೋ ಬದಲಾಯಿಸಲು ಬಿಡದವರ ಕೈಯಲ್ಲಿ ಇದ್ದವೇ ಇರಬೇಕು.

ನನ್ನ 641ರ 10 ಡಾಲರು ಅಂಥದ್ದು. ಹೆಂಗಸಿನ ಮುಖವಿರುವ ನೋಟು. ಕೊಂಡಾಗ, ಮಾರಿದವರು ಸ್ಥಿತಿ ಚೆನ್ನಾಗಿಲ್ಲವೆಂದು ಬೆಲೆ ಇಳಿಸಿದ್ದರು. ಪರ್ಸಿನಲ್ಲಿ ಇಟ್ಟ ನೋಟಿಗೆ ಒಂದು ಮಡಿಕೆ, ಹೆಚ್ಚೆಂದರೆ ಎರಡು. ಇದಕ್ಕೆ ಎಂಟು. ಅಂಚಿನಲ್ಲಿ ಎಣ್ಣೆ ಬಿದ್ದ ಕಲೆ. ಇಷ್ಟು ವರ್ಷ ಅದನ್ನು ಬರೀ ದೋಷವೆಂದೇ ನೋಡಿದ್ದೆ. ಫ್ರೆಡ್ ಶ್ವಾನ್ ಅವರ ಎಂಪಿಸಿ ಕ್ಯಾಟಲಾಗು ನಮ್ಮ ಹವ್ಯಾಸಕ್ಕೆ ದೊಡ್ಡ ಆಧಾರ. ಕ್ಯಾಟಲಾಗಿನಲ್ಲಿ ಪ್ರತಿ ನೋಟಿಗೂ ಸ್ಥಿತಿಗೆ ತಕ್ಕ ಬೆಲೆಯ ಕಾಲಮ್ಮುಗಳಿರುತ್ತವೆ, ಮಡಿಕೆ ಹೆಚ್ಚಾದಷ್ಟೂ ಎಡಕ್ಕೆ, ಅಗ್ಗದ ಕಡೆಗೆ ಸರಿಯುತ್ತಾ ಹೋಗಬೇಕು. ಆ ಎಂಟು ಮಡಿಕೆ ಮಾಡಿದ ಕೈಗೆ ಯಾವ ಕಾಲಮ್ಮೂ ಇಲ್ಲ.

ಎಂಪಿಸಿ ಮುಗಿದದ್ದು 1973ರಲ್ಲಿ. ವಿಯೆಟ್ನಾಂನಲ್ಲಿ ಮಾರ್ಚ್ 15ಕ್ಕೆ 692 ಹೋಯಿತು, ಕೊರಿಯಾದಲ್ಲಿ 651 ನವೆಂಬರ್ 19ರವರೆಗೆ ಇತ್ತು. 2001ರಲ್ಲಿ ಅಫ್ಘಾನಿಸ್ತಾನಕ್ಕೆ ಹೋದಾಗ ಸೇನೆಯ ಅಂಗಡಿಗಳು ಚಿಲ್ಲರೆಗೆಂದು ದುಂಡನೆಯ ರಟ್ಟಿನ ಬಿಲ್ಲೆ ಮಾಡಿಸಿದವು, 5, 10, 25 ಸೆಂಟಿನವು. ಅವು ನಾಣ್ಯದ ಭಾರ ಹೊರುವುದು ತಪ್ಪಲಿ ಎಂದು ಮಾಡಿದ್ದು. ಚಿತ್ರಗಳು ಚೆನ್ನಾಗಿವೆ, ನಾನೂ ಹತ್ತಾರು ಇಟ್ಟಿದ್ದೇನೆ.

ಕಳೆದ ತಿಂಗಳು ಮತ್ತೆ ಮಟನ್ ಸ್ಟ್ರೀಟಿಗೆ ಹೋಗಿದ್ದೆ. ಚಾಚಾ ಈಗಿಲ್ಲ, ಮಗ ಕೂರುತ್ತಾನೆ. ಎಂಪಿಸಿಗಳ ಫೈಲು ತೆಗೆದು ತೋರಿಸಿದ. ಅದರ ಕೊನೆಯ ಪುಟದ ಪ್ಲಾಸ್ಟಿಕ್ಕಿನೊಳಗೆ ನಮ್ಮ ಹಳೆಯ ಐನೂರರ ನೋಟು ನಾಲ್ಕೈದು ಇದ್ದವು. "ಅಬ್ ಯೇ ಭೀ ಕಲೆಕ್ಷನ್ ಮೇ ಆತಾ ಹೈ ಸಾಬ್," ಎಂದ. ಇಪ್ಪತ್ತೈದರ ಮಿತಿ ನನಗಿದೆ, ನನ್ನ ಬಳಿ ಒಂದೂ ಇಲ್ಲ. ಬೆಲೆ ಕೇಳಲಿಲ್ಲ. 692ರ 5 ಸೆಂಟು ಒಂದು ಚೌಕಾಸಿ ಮಾಡಿ ನೂರೈವತ್ತಕ್ಕೆ ತೆಗೆದುಕೊಂಡು ಬಂದೆ.